ಮರದ ಚಾವಣಿ ಟ್ರಸ್‌ಗೆ ತೂತು ಕೊರೆದಿದ್ದಾರೆ, ಈಗೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಸ್‌ಗೆ ತೂತು ಕೊರೆದವರು "ಏನೂ ಆಗಲ್ಲ" ಅನ್ನುತ್ತಾರೆ. ಆಮೇಲೆ ನೋಡಿದವರು "ಚಾವಣಿ ಬಿದ್ದೇ ಹೋಗುತ್ತೆ" ಅಂತ ಹೆದರುತ್ತಾರೆ. ಸಾಮಾನ್ಯವಾಗಿ ಇಬ್ಬರ ಕೈಯಲ್ಲೂ ಲೆಕ್ಕ ಇರುವುದಿಲ್ಲ. ಲೆಕ್ಕ ಹೇಗೆ ನಡೆಯುತ್ತದೆ, ಅದಕ್ಕೆ ಯಾವ ಅಳತೆಗಳು ಬೇಕು, ಎಲ್ಲಿ ನಿಲ್ಲಿಸಿ ಎಂಜಿನಿಯರ್‌ಗೆ ಒಪ್ಪಿಸಬೇಕು ಅನ್ನುವುದನ್ನು ಈ ಪುಟದಲ್ಲಿ ಬರೆದಿದ್ದೇನೆ.

ಕೆಲವು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರಸ್ ಅಂದರೆ ಚಾವಣಿಯನ್ನು ಹೊರುವ, ಮರದ ತ್ರಿಕೋನಗಳಿಂದಾದ ಚೌಕಟ್ಟು. ಚಾವಣಿಯ ಇಳಿಜಾರಿನಲ್ಲಿ ಸಾಗುವ ಮರ ಮೇಲ್ತೊಲೆ. ಸೀಲಿಂಗ್ ಮಟ್ಟದಲ್ಲಿ ಅಡ್ಡಕ್ಕೆ ಮಲಗಿರುವುದು ಕೆಳತೊಲೆ. ಎರಡರ ನಡುವೆ ತ್ರಿಕೋನಗಳನ್ನು ಮಾಡುವ ಪಟ್ಟಿಗಳು ವೆಬ್. ಇವು ಕೂಡುವ ಜಾಗ ಸಂದು. ಇಂದಿನ ಕಾರ್ಖಾನೆ ಟ್ರಸ್‌ಗಳಲ್ಲಿ ಪ್ರತಿ ಸಂದಿನ ಎರಡೂ ಬದಿಗೆ ಹಲ್ಲುಗಳಿರುವ ತೆಳು ಉಕ್ಕಿನ ಪ್ಲೇಟನ್ನು ಒತ್ತಿ ಕೂರಿಸಿರುತ್ತಾರೆ.

ಜಂತೆಗೆ, ಪಕಾಸಿಗೆ ತೂತು ಕೊರೆಯಲು ನಿಯಮವೇ ಅವಕಾಶ ಕೊಡುತ್ತದಲ್ಲ, ಟ್ರಸ್‌ಗೆ ಯಾಕೆ ಕೂಡದು?

ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ. ಅಮೆರಿಕದ ಐಆರ್‌ಸಿ ವಸತಿ ಸಂಹಿತೆಯಲ್ಲಿ ಇಡೀ ಮರದ ಜಂತೆಗೆ ಒಂದು ಮಿತಿ ಇದೆ: ತೂತಿನ ವ್ಯಾಸ ಜಂತೆಯ ಎತ್ತರದ ಮೂರನೇ ಒಂದು ಭಾಗ ಮೀರಬಾರದು, ಮೇಲಿನ ಅಥವಾ ಕೆಳಗಿನ ಅಂಚಿನಿಂದ 2 ಇಂಚು, ಅಂದರೆ 51 ಮಿ.ಮೀ.ಗಿಂತ ಹತ್ತಿರ ಬರಬಾರದು. ಕೆಲಸಗಾರರು ಈ ನಿಯಮವನ್ನು ಬಾಯಿಪಾಠ ಮಾಡಿಕೊಂಡು ಟ್ರಸ್‌ಗೂ ಅನ್ವಯಿಸುತ್ತಾರೆ. ಅದೇ ಸಂಹಿತೆಯ ಆರ್802.10.4ನೇ ವಿಭಾಗ ಟ್ರಸ್ ಬಗ್ಗೆ ಬೇರೆಯೇ ಮಾತು ಹೇಳುತ್ತದೆ. ಅರ್ಹ ವಿನ್ಯಾಸಕಾರರ ಒಪ್ಪಿಗೆ ಇಲ್ಲದೆ ಟ್ರಸ್‌ನ ಯಾವ ಭಾಗವನ್ನೂ ಕತ್ತರಿಸಬಾರದು, ಕಚ್ಚು ಹಾಕಬಾರದು, ಕೊರೆಯಬಾರದು, ಜೋಡಿಸಬಾರದು. ಅಲ್ಲಿ "ಮೂರನೇ ಒಂದು ಭಾಗ" ಅನ್ನುವ ರಿಯಾಯಿತಿಯೇ ಇಲ್ಲ.

ಕಾರಣ ಬಲ ಹರಿಯುವ ರೀತಿಯಲ್ಲಿದೆ. ಜಂತೆ ಮುಖ್ಯವಾಗಿ ಬಾಗುತ್ತದೆ. ಬಾಗುವ ಮರದಲ್ಲಿ ಮೇಲಿನ ಮತ್ತು ಕೆಳಗಿನ ಅಂಚುಗಳೇ ಹೆಚ್ಚು ದುಡಿಯುತ್ತವೆ, ನಟ್ಟನಡುವಿನ ಎಳೆಗಳಿಗೆ ಹೆಚ್ಚು ಕೆಲಸವಿಲ್ಲ. ಅದಕ್ಕೇ ನಡುವೆ ಕೊರೆದರೂ ಜಂತೆ ತಾಳಿಕೊಳ್ಳುತ್ತದೆ. ಟ್ರಸ್‌ನ ಪಟ್ಟಿಗಳು ಉದ್ದಕ್ಕೂ ಎಳೆಯಲ್ಪಡುತ್ತವೆ, ಇಲ್ಲವೇ ಉದ್ದಕ್ಕೂ ಒತ್ತಲ್ಪಡುತ್ತವೆ. ಆ ಬಲ ಅಡ್ಡಛೇದದ ಎಲ್ಲ ಎಳೆಗಳ ಮೇಲೂ ಬೀಳುತ್ತದೆ. ಹಗ್ಗದ ಯಾವ ಎಳೆ ಕತ್ತರಿಸಿದರೂ ಹಗ್ಗ ಅಷ್ಟು ಬಲ ಕಳೆದುಕೊಳ್ಳುವ ಹಾಗೆ, ಎಳೆತದಲ್ಲಿರುವ ಪಟ್ಟಿಯಲ್ಲಿ ಕೆಲಸವಿಲ್ಲದ ಜಾಗ ಅನ್ನುವುದು ಇಲ್ಲ.

ಇನ್ನೊಂದು ವಿಷಯ. ಟ್ರಸ್‌ಗಳನ್ನು ತಂತ್ರಾಂಶ ಲೆಕ್ಕ ಹಾಕಿ, ಅಗತ್ಯಕ್ಕೆ ತಕ್ಕಷ್ಟೇ ಮರ ಬಳಸುವಂತೆ ವಿನ್ಯಾಸ ಮಾಡುತ್ತದೆ. ಹಳೇ ಕಾಲದ ದಪ್ಪ ತೊಲೆಗಳಲ್ಲಿ ತಾನಾಗಿಯೇ ಇರುತ್ತಿದ್ದ ಹೆಚ್ಚುವರಿ ಬಲ ಇವುಗಳಲ್ಲಿ ಇರಲೇಬೇಕೆಂದಿಲ್ಲ.

ಒಂದೇ ಅಳತೆಯ ತೂತು ಒಂದು ಕಡೆ ಪರವಾಗಿಲ್ಲ, ಇನ್ನೊಂದು ಕಡೆ ಅಪಾಯ ಅನ್ನುತ್ತೀರಿ. ಅದು ಹೇಗೆ?

ಎಲ್ಲರೂ ಮೊದಲು ತೂತಿನ ವ್ಯಾಸ ಕೇಳುತ್ತಾರೆ. ನಾನು ಮೊದಲು ಕೇಳುವುದು ತೂತು ಎಲ್ಲಿದೆ, ಯಾವ ದಿಕ್ಕಿನಿಂದ ಕೊರೆದಿದ್ದಾರೆ ಅಂತ. ಲೆಕ್ಕ ನೋಡಿ.

ಟ್ರಸ್‌ಗಳಲ್ಲಿ ತೀರಾ ಸಾಮಾನ್ಯವಾದ ಮರ "ಎರಡು ಬೈ ನಾಲ್ಕು". ಹೆಸರಿಗೆ 2 ಇಂಚು, 4 ಇಂಚು. ನಿಜವಾದ ಅಳತೆ 38 ಮಿ.ಮೀ. ದಪ್ಪ, 89 ಮಿ.ಮೀ. ಎತ್ತರ. ಇದಕ್ಕೆ 25 ಮಿ.ಮೀ. ತೂತನ್ನು ಮೂರು ರೀತಿಯಲ್ಲಿ ಕೊರೆದರು ಅಂದುಕೊಳ್ಳಿ.

ಮೊದಲನೆಯದು, ಅಗಲದ ಮುಖದ ಸರಿಯಾದ ನಡುವೆ, ಅಡ್ಡಕ್ಕೆ. 89ರಲ್ಲಿ 25 ಹೋಯಿತು, ಉಳಿದದ್ದು 64. ಅಡ್ಡಛೇದದ ಶೇ. 28 ನಷ್ಟ. ಎಳೆಬಲ ಅಷ್ಟೇ ಇದ್ದರೂ ಉಳಿದ ಮರದ ಮೇಲಿನ ಹೊರೆ 1.39 ಪಟ್ಟಾಗುತ್ತದೆ. ಬಾಗುವ ಬಲಕ್ಕೆ ಮಾತ್ರ ಶೇ. 2ರಷ್ಟೇ ನಷ್ಟ. ಜಂತೆಯ ನಿಯಮ ಯಾಕೆ ಉದಾರವಾಗಿದೆ ಅನ್ನುವುದು ಇಲ್ಲೇ ಕಾಣುತ್ತದೆ.

ಎರಡನೆಯದು, ಅದೇ ಅಗಲದ ಮುಖದಲ್ಲಿ, ಆದರೆ ಅಂಚನ್ನು ಕಚ್ಚುವಂತೆ. ಈಗಲೂ ಉಳಿದದ್ದು 64 ಮಿ.ಮೀ. ಆದರೆ ಉಳಿದ ಮರದ ನಡುರೇಖೆ ಬಲದ ರೇಖೆಯಿಂದ 12.5 ಮಿ.ಮೀ. ಪಕ್ಕಕ್ಕೆ ಸರಿದಿದೆ. ನೇರವಾಗಿ ಎಳೆಯುತ್ತಿದ್ದ ಬಲ ಈಗ ಎಳೆಯುವುದರ ಜೊತೆಗೆ ಬಾಗಿಸುತ್ತದೆ. ಸರಳ ಲೆಕ್ಕದಲ್ಲಿ ಕಚ್ಚಿದ ಬದಿಯ ಎಳೆಗಳ ಮೇಲಿನ ಹೊರೆ ಮೂಲದ 3 ಪಟ್ಟು. ಬಾಗುವ ಬಲದಲ್ಲೂ ಶೇ. 48 ನಷ್ಟ.

ಮೂರನೆಯದು, ಕಿರಿದಾದ ಮುಖದಿಂದ, ಅಂದರೆ ಕೆಳತೊಲೆಯನ್ನು ಮೇಲಿನಿಂದ ಕೆಳಕ್ಕೆ ಸೀಳುವ ಹಾಗೆ. ಸೀಲಿಂಗ್ ದೀಪಕ್ಕೆ ತಂತಿ ಇಳಿಸುವಾಗ ಹೀಗೆ ಮಾಡುತ್ತಾರೆ. 38 ಮಿ.ಮೀ. ದಪ್ಪದಲ್ಲಿ 25 ಹೋಯಿತು. ಉಳಿದದ್ದು ಎರಡು ಪಕ್ಕದಲ್ಲಿ ತಲಾ ಆರೂವರೆ ಮಿ.ಮೀ.ನ ಎರಡು ಸಿಬಿರು. ಶೇ. 66 ಮರ ಮಾಯ. ಎಳೆತ, ಬಾಗುವಿಕೆ ಎರಡಕ್ಕೂ ಅಷ್ಟೇ ನಷ್ಟ. ಬಿಟ್ ಸ್ವಲ್ಪ ಓರೆಯಾಗಿ ಹೋಗಿದ್ದರೆ ಒಂದು ಸಿಬಿರು ಲೆಕ್ಕಕ್ಕೇ ಬರುವುದಿಲ್ಲ.

ಡ್ರಿಲ್ ಒಂದೇ, ಬಿಟ್ ಒಂದೇ. ಫೋಟೋದಲ್ಲಿ ಮೂರೂ "ಒಂದಿಂಚಿನ ತೂತು". ಮೊದಲನೆಯದನ್ನು ಕೆಲವು ಟ್ರಸ್‌ಗಳು ಸಲೀಸಾಗಿ ತಾಳಬಹುದು. ಮೂರನೆಯದನ್ನು ದುರಸ್ತಿ ಇಲ್ಲದೆ ಬಿಡಲು ನನಗೆ ಧೈರ್ಯ ಬರುವುದಿಲ್ಲ.

ಎಷ್ಟು ಸಣ್ಣ ತೂತಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ?

ಯುರೋಪಿನ ಮರದ ವಿನ್ಯಾಸ ಸಂಹಿತೆ ಯುರೋಕೋಡ್ 5, ಮೊದಲೇ ತೂತು ಕೊರೆಯದೆ ಹೊಡೆದ 6 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಮೊಳೆ ಮತ್ತು ಸ್ಕ್ರೂಗಳಿಂದಾಗುವ ನಷ್ಟವನ್ನು ಅಡ್ಡಛೇದದ ಲೆಕ್ಕದಲ್ಲಿ ಬಿಡಬಹುದು ಅನ್ನುತ್ತದೆ. ಮೊಳೆ ಎಳೆಗಳನ್ನು ಬಹುಮಟ್ಟಿಗೆ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ, ಡ್ರಿಲ್ ಬಿಟ್ ಎಳೆಗಳನ್ನು ಕತ್ತರಿಸಿ ಹೊರಗೆ ತೆಗೆಯುತ್ತದೆ. ಆದ್ದರಿಂದ ತಂತಿ ಹಿಡಿಸುವ ಸ್ಟೇಪಲ್, ಸೀಲಿಂಗ್ ಹಲಗೆಯ ಸ್ಕ್ರೂ ಇವುಗಳಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕೊರೆದ ತೂತು ಎಷ್ಟೇ ಸಣ್ಣದಾಗಿರಲಿ, ಬರೆದಿಟ್ಟುಕೊಳ್ಳಿ.

ಯಾವ ಜಾಗದ ತೂತು ಅತಿ ಕೆಟ್ಟದ್ದು?

ಉಕ್ಕಿನ ಪ್ಲೇಟಿನ ಮೂಲಕ ಕೊರೆದದ್ದು. ಇದರ ಬಗ್ಗೆ ಚರ್ಚೆಯೇ ಬೇಡ. ಪ್ಲೇಟಿನ ಹಲ್ಲುಗಳೇ ಬಲವನ್ನು ಒಂದು ಮರದಿಂದ ಇನ್ನೊಂದಕ್ಕೆ ದಾಟಿಸುವುದು. ಕೊರೆದಾಗ ಉಕ್ಕು ಹೋಗುತ್ತದೆ, ಆ ಜಾಗದ ಹಲ್ಲುಗಳು ಹೋಗುತ್ತವೆ, ಹಲ್ಲು ಕಚ್ಚಿಕೊಂಡಿದ್ದ ಮರವೂ ಹೋಗುತ್ತದೆ. ಬಿಟ್ ಆಚೆ ಬದಿಗೆ ದಾಟಿದ್ದರೆ ಅಲ್ಲಿನ ಪ್ಲೇಟಿಗೂ ಅದೇ ಗತಿ. ಬಿಟ್‌ನ ಅದುರಿಗೆ ಪ್ಲೇಟು ಮರದಿಂದ ಮೇಲೆದ್ದಿರುವುದೂ ಉಂಟು.

ಅದರ ನಂತರ ಗೋಡೆಯ ಮೇಲೆ ಕೂರುವ ತುದಿಯ ಸಂದು. ಮೇಲ್ತೊಲೆ, ಕೆಳತೊಲೆ ಕೂಡುವ ಈ ಜಾಗದಲ್ಲಿ ಬಲಗಳು ಸಾಮಾನ್ಯವಾಗಿ ಅತಿ ಹೆಚ್ಚು. ಆಮೇಲೆ ಕೆಳತೊಲೆಯನ್ನು ಉದ್ದಕ್ಕೆ ಜೋಡಿಸಿದ ಜಾಗ. ಇನ್ನು ಬೇರೆ ಟ್ರಸ್‌ಗಳನ್ನು ಹೊತ್ತಿರುವ ಗರ್ಡರ್ ಟ್ರಸ್‌ನ ಯಾವ ಭಾಗವಾದರೂ ಸರಿ, ಅದನ್ನು ತುರ್ತಿನ ಸಾಲಿಗೇ ಸೇರಿಸಿ. ಗರ್ಡರ್‌ಗೆ ಏನಾದರೂ ಆದರೆ ಅದರ ಮೇಲೆ ಕೂತ ಅಷ್ಟೂ ಟ್ರಸ್‌ಗಳ ಆಧಾರ ಹೋಗುತ್ತದೆ.

ಎರಡು ಸಂದುಗಳ ನಡುವೆ ಸುರಕ್ಷಿತ ಜಾಗ ಅಂತ ಏನಾದರೂ ಇದೆಯೇ?

ಬಾಗುವ ಬಲದ ಮಟ್ಟಿಗೆ ಇದೆ. ತೊಲೆಯ ಬಾಗು ಸಂದಿನ ಬಳಿ ಹೆಚ್ಚಿರುತ್ತದೆ, ಎರಡು ಸಂದುಗಳ ನಡುಮಧ್ಯದಲ್ಲಿ ಉಲ್ಟಾ ದಿಕ್ಕಿನಲ್ಲಿ ಮತ್ತೆ ಹೆಚ್ಚಿರುತ್ತದೆ, ಅವೆರಡರ ಮಧ್ಯೆ ಎಲ್ಲೋ ಸೊನ್ನೆ ದಾಟುತ್ತದೆ. ಅಲ್ಲಿ ಬಿದ್ದ ತೂತಿಗೆ ಬಾಗುವಿಕೆಯ ಕಾಟ ಕಡಿಮೆ. ಆದರೆ ಉದ್ದಕ್ಕೆ ಹರಿಯುವ ಎಳೆಬಲ ಆ ಎರಡು ಸಂದುಗಳ ನಡುವೆ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಾಗಿನ ಕಾಟ ತಪ್ಪಿಸಿಕೊಂಡ ತೂತು ಎಳೆತದಿಂದ ತಪ್ಪಿಸಿಕೊಳ್ಳಲಾರದು.

ಯಾವ ಪಟ್ಟಿ ಎಳೆತದಲ್ಲಿದೆ, ಯಾವುದು ಒತ್ತುಬಲದಲ್ಲಿದೆ ಅಂತ ನೋಡಿದ ಕೂಡಲೇ ಹೇಳಬಹುದೇ?

ಎರಡು ತುದಿಗಳ ಮೇಲೆ ಕೂತ ಸಾಮಾನ್ಯ ಇಳಿಜಾರು ಟ್ರಸ್‌ನಲ್ಲಿ, ಚಾವಣಿಯ ಭಾರ ಕೆಳಕ್ಕೆ ಒತ್ತುವಾಗ ಮೇಲ್ತೊಲೆ ಒತ್ತುಬಲದಲ್ಲಿ, ಕೆಳತೊಲೆ ಎಳೆತದಲ್ಲಿ ಇರುತ್ತದೆ. ವೆಬ್‌ಗಳಲ್ಲಿ ಕೆಲವು ಹೀಗೆ, ಕೆಲವು ಹಾಗೆ. ಗಾಳಿ ಚಾವಣಿಯನ್ನು ಮೇಲಕ್ಕೆ ಎತ್ತಿದಾಗ ಇವೆಲ್ಲ ಅದಲುಬದಲಾಗಬಹುದು. ಒಂದು ಬದಿಗೆ ಮಾತ್ರ ಹಿಮ ಕೂತಾಗ ಸುಮ್ಮನಿದ್ದ ವೆಬ್ ಕೆಲಸಕ್ಕೆ ಇಳಿಯುತ್ತದೆ. ಹಾಗಾಗಿ "ಈ ವೆಬ್‌ನಲ್ಲಿ ಬಲವೇ ಇಲ್ಲ" ಅನ್ನುವ ಊಹೆ ಬೇಡ.

ಊಹಿಸುವ ಅಗತ್ಯವೂ ಇಲ್ಲ. ಪ್ರತಿ ಟ್ರಸ್‌ಗೂ ವಿನ್ಯಾಸ ನಕ್ಷೆ ಇರುತ್ತದೆ. ಅದರಲ್ಲಿ ಪ್ರತಿ ಪಟ್ಟಿಯ ಬಲವನ್ನು ಅಂಕಿಯಲ್ಲಿ ಬರೆದಿರುತ್ತಾರೆ. ಬಹುತೇಕ ನಕ್ಷೆಗಳಲ್ಲಿ ಋಣ ಚಿಹ್ನೆ ಇದ್ದರೆ ಒತ್ತುಬಲ, ಇಲ್ಲದಿದ್ದರೆ ಎಳೆಬಲ. ನಕ್ಷೆಯ ಟಿಪ್ಪಣಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಒತ್ತುಬಲದ ಉದ್ದನೆಯ ಪಟ್ಟಿ ಸೋಲುವುದು ಹೆಚ್ಚಾಗಿ ಪಕ್ಕಕ್ಕೆ ಬಾಗಿ. ನಡುವಿನ ಒಂದು ಸಣ್ಣ ತೂತು ಈ ಬಾಗುವ ಸ್ವಭಾವವನ್ನು ಅಷ್ಟೇನೂ ಬದಲಿಸುವುದಿಲ್ಲ. ಆದರೆ ತೂತಿನ ಜಾಗದಲ್ಲಿ ಉಳಿದ ಮರ ಜಜ್ಜಿಹೋಗದೆ ನಿಲ್ಲುತ್ತದೆಯೇ ಅಂತ ಬೇರೆಯಾಗಿ ನೋಡಬೇಕು. ಎಳೆತದ ಪಟ್ಟಿಯ ಕಥೆ ಹೆಚ್ಚು ಕಠಿಣ. ಎಳೆತದಲ್ಲಿ ಮರ ಮುನ್ಸೂಚನೆ ಕೊಡದೆ ಸಟ್ಟನೆ ಹರಿಯುತ್ತದೆ.

ನಕ್ಷೆಯಲ್ಲಿ ಸಿಎಸ್‌ಐ ಅಂತ ಅಂಕಿ ಇದೆ. ಅದರಿಂದ ಏನು ತಿಳಿಯುತ್ತದೆ?

ನಕ್ಷೆಯ ಅತ್ಯಂತ ಉಪಯುಕ್ತ ಅಂಕಿ ಅದು. ಪಟ್ಟಿ ಹೊರಬಹುದಾದ ಬಲದಲ್ಲಿ ಎಷ್ಟು ಭಾಗ ಈಗಾಗಲೇ ಬಳಕೆಯಾಗಿದೆ ಅನ್ನುವುದರ ಅಳತೆ. 1.00 ಅಂದರೆ ಪೂರ್ತಿ ಬಳಕೆಯಾಗಿದೆ, ಏನೂ ಉಳಿದಿಲ್ಲ. ಉದ್ದಕ್ಕೆ ಬೀಳುವ ಬಲದ ಪಾಲು, ಬಾಗುವ ಬಲದ ಪಾಲು ಎರಡೂ ಇದರಲ್ಲಿ ಸೇರಿರುತ್ತವೆ.

ಉದಾಹರಣೆಗೆ, ಒಂದು ಕೆಳತೊಲೆಯಲ್ಲಿ ಎಳೆತದ ಪಾಲು 0.60, ಬಾಗುವಿಕೆಯ ಪಾಲು 0.35, ಒಟ್ಟು 0.95 ಇದೆ ಅನ್ನಿ. ಅಗಲದ ಮುಖದ ಸರಿಯಾದ ನಡುವೆ 25 ಮಿ.ಮೀ. ತೂತು. ಎಳೆತದ ಪಾಲು 1.39 ಪಟ್ಟಾಗಿ 0.83 ಆಗುತ್ತದೆ, ಬಾಗುವಿಕೆಯ ಪಾಲು 0.36. ಒಟ್ಟು 1.19. ಮಿತಿ ದಾಟಿತು, ದುರಸ್ತಿ ಬೇಕು. ಇದೇ ತೊಲೆಗೆ 12 ಮಿ.ಮೀ. ತೂತು ಬಿದ್ದಿದ್ದರೂ ಒಟ್ಟು 1.04ರ ಆಸುಪಾಸಿಗೆ ಬರುತ್ತಿತ್ತು. ಬೆರಳು ತೂರುವಷ್ಟು ತೂತೂ ಮಿತಿ ದಾಟಿಸಬಲ್ಲದು.

ಈಗ ಇನ್ನೊಂದು ತೊಲೆ: ಎಳೆತ 0.38, ಬಾಗುವಿಕೆ 0.22, ಒಟ್ಟು 0.60. ಅದೇ 25 ಮಿ.ಮೀ. ತೂತಿಗೆ ಇದು 0.75ಕ್ಕೆ ಏರುತ್ತದೆ, ಅಷ್ಟೇ. ಎಂಜಿನಿಯರ್ ಇದನ್ನು ಹಾಗೇ ಬಿಡಿ ಅನ್ನಬಹುದು.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಎದ್ದು ಕಾಣುವ ಸಿಎಸ್‌ಐ ಸಾಮಾನ್ಯವಾಗಿ ಆಯಾ ತೊಲೆಯ ಅತಿ ಹೆಚ್ಚಿನ ಅಂಕಿ. ತೂತು ಬಿದ್ದ ಭಾಗದಲ್ಲಿ ಅದಕ್ಕಿಂತ ಕಡಿಮೆ ಇರಬಹುದು. ಈ ಲೆಕ್ಕ ತೂತಿನಿಂದ ಹೊರಟ ಬಿರುಕು, ಪಕ್ಕದ ಗಂಟು ಇವನ್ನೂ ಹಿಡಿಯುವುದಿಲ್ಲ. ಪರಿಸ್ಥಿತಿ ಅರ್ಥ ಮಾಡಿಕೊಳ್ಳಲು ಇದನ್ನು ಬಳಸಿ, ತೀರ್ಪು ಕೊಡಲು ಬೇಡ.

ತೂತು ಕೊರೆದು ಎರಡು ವರ್ಷ ಆಯಿತು, ಏನೂ ಆಗಿಲ್ಲ. ಅಂದರೆ ಗಟ್ಟಿಯಾಗಿದೆ ಅಂತ ತಾನೇ?

ಅಲ್ಲ. ಈ ಮಾತನ್ನು ನಂಬಿ ಸುಮ್ಮನೆ ಕೂರುವವರು ಬಹಳ ಜನ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯ ಕಾರಣ, ಟ್ರಸ್ ತನ್ನ ಪೂರ್ತಿ ವಿನ್ಯಾಸ ಭಾರವನ್ನು ಇನ್ನೂ ಕಂಡಿರಲಿಕ್ಕಿಲ್ಲ. ಲೆಕ್ಕ ಹಾಕುವುದು ಅಪರೂಪಕ್ಕೆ ಬರುವ ಭಾರೀ ಹಿಮಕ್ಕೆ, ಬಿರುಗಾಳಿಗೆ. ಎರಡು ಸೌಮ್ಯ ವರ್ಷಗಳು ಅದರ ಪರೀಕ್ಷೆ ಆಗಲಾರವು.

ಎರಡನೆಯದು ಮರದ ಸ್ವಭಾವ. ಮರಕ್ಕೆ ಭಾರ ಎಷ್ಟು ಹೊತ್ತು ಇದೆ ಅನ್ನುವುದೂ ಮುಖ್ಯ. ಕೆಲವೇ ನಿಮಿಷ ತಾಳಿಕೊಳ್ಳುವ ಭಾರವನ್ನು ಅದು ವರ್ಷಗಟ್ಟಲೆ ತಾಳುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯದಲ್ಲಿ ನಡೆದ ಕೆಲಸದಿಂದ ಬಂದ, ಭಾರದ ಅವಧಿಗೆ ತಕ್ಕಂತೆ ಮರದ ಶಕ್ತಿ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಮ್ಯಾಡಿಸನ್ ರೇಖೆಯನ್ನು ಅಮೆರಿಕದ ಮರ ವಿನ್ಯಾಸ ನಿಯಮ ಎನ್‌ಡಿಎಸ್ ಇಂದಿಗೂ ಬಳಸುತ್ತದೆ. ಹತ್ತು ವರ್ಷದ ಭಾರಕ್ಕೆ ಗುಣಕ 1.0 ಅಂತ ಇಟ್ಟುಕೊಂಡರೆ, ಹಿಮಕ್ಕೆ 1.15, ಗಾಳಿಗೆ 1.6, ಶಾಶ್ವತ ಭಾರಕ್ಕೆ 0.9. ಅಂದರೆ ಸದಾ ಮೇಲೆ ಕೂತಿರುವ ಭಾರವನ್ನು ಹೊರುವಾಗ ಮರದ ಶಕ್ತಿ ಗಾಳಿಯ ಹೊಡೆತ ತಾಳುವಾಗಿನ ಶಕ್ತಿಗಿಂತ ಎಷ್ಟೋ ಕಡಿಮೆ. ತೂತಿನ ಪಕ್ಕದಲ್ಲಿ ಹೆಚ್ಚು ಹೊರೆ ಹೊತ್ತ ಎಳೆಗಳು ಮೊದಲ ದಿನ ಗೆದ್ದವು ಅಂದ ಮಾತ್ರಕ್ಕೆ ಐದನೇ ವರ್ಷವೂ ಗೆಲ್ಲುತ್ತವೆ ಅನ್ನಲಾಗದು.

ಒಂದು ಟ್ರಸ್ ಸೋತರೆ ಪಕ್ಕದವು ಹೊರುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಹೊರುತ್ತವೆ. ಮೇಲಿನ ಹೊದಿಕೆ ಹಲಗೆ, ಕೆಳಗಿನ ಸೀಲಿಂಗ್ ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತವೆ. ಎಷ್ಟೋ ತೂತುಬಿದ್ದ ಟ್ರಸ್‌ಗಳು ಸದ್ದಿಲ್ಲದೆ ನಿಂತಿರುವುದು ಈ ಹಂಚಿಕೆಯಿಂದಲೇ. ಆದರೆ ತಂತಿ ಎಳೆಯುವವರು ಒಂದೇ ಟ್ರಸ್‌ಗೆ ನಿಲ್ಲಿಸುವುದಿಲ್ಲವಲ್ಲ. ಮನೆಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಟ್ರಸ್‌ಗೂ ಅದೇ ಮಟ್ಟದಲ್ಲಿ, ಅದೇ ಜಾಗದಲ್ಲಿ ಕೊರೆದಿರುತ್ತಾರೆ. ಆಗ ಕೈಹಿಡಿಯಬೇಕಾದ ಪಕ್ಕದವನಿಗೂ ಅದೇ ಗಾಯ. ಸಾಲು ತೂತುಗಳನ್ನು ಕಂಡರೆ ಹಂಚಿಕೆಯ ಭರವಸೆಯನ್ನು ಲೆಕ್ಕದಿಂದ ತೆಗೆದುಬಿಡಿ.

ಒಂದೇ ಪಟ್ಟಿಯಲ್ಲಿ ಹತ್ತಿರ ಹತ್ತಿರ ಎರಡು ಮೂರು ತೂತುಗಳಿವೆ. ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕೇ?

ಹತ್ತಿರ ಇದ್ದರೆ ಒಂದೇ ಅಡ್ಡಛೇದದಲ್ಲಿವೆ ಅಂದುಕೊಂಡು ಕೂಡಿಸಬೇಕು. ಬೋಲ್ಟಿನಂಥ ಜೋಡಣೆಗಳನ್ನು ಓರೆಸಾಲಿನಲ್ಲಿ ಇಟ್ಟಾಗ, ಎಳೆಯ ದಿಕ್ಕಿನಲ್ಲಿ ಅಂತರ ವ್ಯಾಸದ 4 ಪಟ್ಟಿಗಿಂತ ಕಡಿಮೆಯಿದ್ದರೆ ಒಟ್ಟಿಗೆ ಎಣಿಸಿ ಅನ್ನುತ್ತದೆ ಎನ್‌ಡಿಎಸ್. ಅದನ್ನೇ ಇಲ್ಲಿಗೂ ಹಿಡಿಯುವುದು ಕ್ಷೇಮ. 20 ಮಿ.ಮೀ.ನ ಎರಡು ತೂತುಗಳು ಒಂದು ಮೇಲೆ, ಒಂದು ಕೆಳಗೆ, ಉದ್ದಕ್ಕೆ 50 ಮಿ.ಮೀ. ಅಂತರದಲ್ಲಿದ್ದರೆ 40 ಮಿ.ಮೀ. ಹೋಯಿತು ಅಂತಲೇ ತಿಳಿಯಿರಿ.

ಗಂಟಿನ ಪಕ್ಕದ ತೂತಿಗೂ ಇದೇ ಎಚ್ಚರ. ಮರದ ದರ್ಜೆ ನಿಗದಿ ಮಾಡುವಾಗಲೇ ಒಂದಷ್ಟು ಗಂಟುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಅದರ ಮೇಲೆ ತೂತು ಬಿದ್ದರೆ ಆ ದರ್ಜೆಯ ಮಾತೇ ಅಲ್ಲಿಗೆ ಮುಗಿಯಿತು.

ಎಂಜಿನಿಯರ್‌ನನ್ನು ಕರೆಸುವ ಮೊದಲು ನಾನೇ ಏನೇನು ಅಳೆದಿಡಬಹುದು?

ಅರ್ಧ ಕೆಲಸ ನೀವೇ ಮಾಡಬಹುದು, ಮಾಡಿದರೆ ಉತ್ತರವೂ ಬೇಗ ಬರುತ್ತದೆ. ಟ್ರಸ್‌ಗಳಿಗೆ ಒಂದು ತುದಿಯಿಂದ ಸೀಮೆಸುಣ್ಣದಲ್ಲಿ ಸಂಖ್ಯೆ ಹಾಕಿ. ಪ್ರತಿ ತೂತಿಗೂ ಇಷ್ಟು ಬರೆದುಕೊಳ್ಳಿ: ಯಾವ ಟ್ರಸ್, ಯಾವ ಪಟ್ಟಿ, ಯಾವ ಮುಖದಿಂದ ಕೊರೆದದ್ದು, ವ್ಯಾಸ, ಎರಡೂ ಅಂಚುಗಳಿಂದ ತೂತಿನ ಅಂಚಿಗೆ ಇರುವ ದೂರ, ಹತ್ತಿರದ ಪ್ಲೇಟಿನ ಅಂಚಿಗೆ ದೂರ, ಹತ್ತಿರದ ಗಂಟಿಗೆ ದೂರ. ತೂತಿನಿಂದ ಮರದ ಎಳೆಯ ಉದ್ದಕ್ಕೆ ಬಿರುಕು ಹೊರಟಿದೆಯೇ ಅಂತ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ನೇರ ಬೆಳಕಿನಲ್ಲಿ ಕೂದಲೆಳೆಯ ಬಿರುಕು ಕಾಣುವುದಿಲ್ಲ. ಆಚೆ ಬದಿಯನ್ನೂ ನೋಡಿ. ಬಿಟ್ ಹೊರಬರುವ ಬದಿಯಲ್ಲಿ ಮರ ಸಿಗಿದು, ತೂತು ಈಚೆಗಿಂತ ದೊಡ್ಡದಾಗಿರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಆ ದೊಡ್ಡ ಅಳತೆಯನ್ನು.

ಟೇಪು ಕಾಣುವಂತೆ ಹತ್ತಿರದ ಒಂದು ಫೋಟೋ, ಇಡೀ ಟ್ರಸ್ ಕಾಣುವಂತೆ ದೂರದ ಒಂದು ಫೋಟೋ ತೆಗೆಯಿರಿ. ಹತ್ತಿರದ ಫೋಟೋ ಮಾತ್ರ ಕಳಿಸಿದರೆ ಅದು ಯಾವ ಪಟ್ಟಿ ಅನ್ನುವುದೇ ತಿಳಿಯುವುದಿಲ್ಲ. ಅಟ್ಟದಲ್ಲಿ ಓಡಾಡುವಾಗ ಕಾಲಿಡುವ ಜಾಗದ ಮೇಲೆ ಕಣ್ಣಿರಲಿ, ಸೀಲಿಂಗ್ ಹಲಗೆ ನಿಮ್ಮ ಭಾರ ಹೊರುವುದಿಲ್ಲ. ಅನುಮಾನವಿರುವ ಟ್ರಸ್‌ನ ಮೇಲೆ ಹತ್ತಲೇಬೇಡಿ.

ವಿನ್ಯಾಸ ನಕ್ಷೆ ಸಿಗುತ್ತಿಲ್ಲ. ಆಗ?

ಕಟ್ಟಡ ಪರವಾನಗಿಯ ಕಡತದಲ್ಲಿ ಹುಡುಕಿ. ಟ್ರಸ್‌ಗಳ ಮೇಲೆ ತಯಾರಕರ ಮುದ್ರೆಯೋ ಚೀಟಿಯೋ ಇದ್ದರೆ ಅವರನ್ನು ಕೇಳಿ. ಎರಡೂ ಕೈಕೊಟ್ಟರೆ ಎಂಜಿನಿಯರ್ ಟ್ರಸ್‌ನ ಆಕಾರ, ಮರದ ಅಳತೆ, ಮರದ ಮೇಲಿನ ದರ್ಜೆಯ ಮುದ್ರೆ, ಪ್ಲೇಟುಗಳ ಅಳತೆ, ಟ್ರಸ್‌ಗಳ ನಡುವಿನ ಅಂತರ ಇವನ್ನೆಲ್ಲ ತೆಗೆದುಕೊಂಡು ಲೆಕ್ಕವನ್ನು ಮೊದಲಿನಿಂದ ಕಟ್ಟುತ್ತಾರೆ. ಸಮಯ ಹಿಡಿಯುತ್ತದೆ. ಮಾಹಿತಿ ಕಡಿಮೆಯಾದಷ್ಟೂ ಅವರು ಎಚ್ಚರಿಕೆಯ ಬದಿಗೆ ವಾಲುತ್ತಾರೆ, ದುರಸ್ತಿಯೂ ದೊಡ್ಡದಾಗುತ್ತದೆ.

ತಕ್ಷಣ ಮನೆ ಬಿಡಬೇಕಾದ ಪರಿಸ್ಥಿತಿ ಯಾವುದು?

ಪಟ್ಟಿ ಪೂರ್ತಿ ತುಂಡಾಗಿದ್ದರೆ, ತೂತಿನ ಜಾಗದಲ್ಲಿ ಮರ ಹರಿಯತೊಡಗಿದ್ದರೆ, ಪ್ಲೇಟಿನ ಹಲ್ಲುಗಳು ಮರದಿಂದ ಹೊರಬರುತ್ತಿದ್ದರೆ, ಚಾವಣಿಯ ರೇಖೆ ಜಗ್ಗಿದ್ದು ಹೊರಗಿನಿಂದಲೇ ಕಾಣುತ್ತಿದ್ದರೆ, ಸೀಲಿಂಗ್‌ನಲ್ಲಿ ಹೊಸ ಬಿರುಕುಗಳು ದಿನೇ ದಿನೇ ಬೆಳೆಯುತ್ತಿದ್ದರೆ ಆ ಭಾಗದ ಕೆಳಗೆ ಯಾರೂ ಇರಬಾರದು. ಮರ ಲಟಲಟ ಅನ್ನುವ ಸದ್ದು ಬಂದರೂ ಅಷ್ಟೇ.

ತಾತ್ಕಾಲಿಕವಾಗಿ ಕೆಳಗಿನಿಂದ ಊರೆ ಕೊಡಬಹುದೇ?

ಎಂಜಿನಿಯರ್ ಹೇಳಿದ ಜಾಗದಲ್ಲಿ ಮಾತ್ರ. ಒಳ್ಳೆಯ ಮನಸ್ಸಿನಿಂದಲೇ ಕೆಟ್ಟದ್ದು ನಡೆಯುವ ಜಾಗ ಇದು. ಎರಡು ತುದಿಗಳ ನಡುವೆ ನಿಲ್ಲುವಂತೆ ಮಾಡಿದ ಟ್ರಸ್‌ಗೆ ಮಧ್ಯದಲ್ಲಿ ಜಾಕ್ ಕೊಟ್ಟು ಎತ್ತಿದರೆ ಬಲಗಳ ದಿಕ್ಕು ಬದಲಾಗುತ್ತದೆ. ಎಳೆತಕ್ಕೆಂದು ಇಟ್ಟ ತೆಳು ವೆಬ್ ಒತ್ತುಬಲಕ್ಕೆ ಸಿಕ್ಕಿ ಬಾಗುತ್ತದೆ. ಊರೆಯನ್ನು ಸಂದಿನ ಕೆಳಗೇ ಕೊಡಬೇಕು, ತಾಗುವಷ್ಟು ಮಾತ್ರ ಬಿಗಿಯಬೇಕು, ಎತ್ತಬಾರದು. ಊರೆಯ ಕೆಳಗಿನ ನೆಲವೂ ಆ ಭಾರ ಹೊರುವಂತಿರಬೇಕು.

ತೂತಿಗೆ ಮರದ ಗೂಟ ಹೊಡೆದು, ಅಂಟು ತುಂಬಿ ಮುಚ್ಚಿದರೆ ಸಾಲದೇ?

ಸಾಲದು. ಎಳೆಬಲ ದಾಟಬೇಕಾದರೆ ಎಳೆಗಳು ಮುರಿಯದೆ ಸಾಗಬೇಕು. ಗೂಟ ಕತ್ತರಿಸಿದ ಎಳೆಗಳನ್ನು ಮತ್ತೆ ಜೋಡಿಸುವುದಿಲ್ಲ, ಎಳೆಯ ಕಡಿತುದಿಗೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಯುರೋಕೋಡ್ 5 ಒಂದು ವಿನಾಯಿತಿ ಕೊಟ್ಟಿದೆ ನಿಜ: ಒತ್ತುಬಲದ ವಲಯದಲ್ಲಿ, ಮರಕ್ಕಿಂತ ಗಡಸಾದ ವಸ್ತು ತುಂಬಿದ ತೂತನ್ನು ಲೆಕ್ಕದಿಂದ ಬಿಡಬಹುದು. ಅಡ್ಡ ಎಳೆಯ ಮರದ ಗೂಟ ಆ ಶರತ್ತನ್ನು ಪೂರೈಸುವುದಿಲ್ಲ. ಮುಚ್ಚಿ ಬಣ್ಣ ಬಳಿದರೆ ಮುಂದೆ ನೋಡುವವರ ಕಣ್ಣಿಗೆ ತೂತು ಬೀಳದ ಹಾಗಾಗುತ್ತದೆ, ಇದು ಇನ್ನೂ ಕೆಟ್ಟದ್ದು.

ಗೋಡೆಯ ಕಂಬಗಳಿಗೆಂದು ಮಾರುವ ಉಕ್ಕಿನ ಬಲಪಟ್ಟಿಗಳನ್ನು ಟ್ರಸ್‌ಗೆ ಹೊಡೆಯುವುದೂ ಇದೇ ಸಾಲಿನದು. ಅವನ್ನು ಪರೀಕ್ಷಿಸಿರುವುದು ಬೇರೆ ಕೆಲಸಕ್ಕೆ.

ಸರಿಯಾದ ದುರಸ್ತಿ ಹೇಗಿರುತ್ತದೆ?

ಹೆಚ್ಚಾಗಿ ಸರಳವೇ. ತೂತು ಬಿದ್ದ ಪಟ್ಟಿಯ ಎರಡೂ ಬದಿಗೆ ಅದೇ ಅಳತೆ, ಅದೇ ದರ್ಜೆಯ ಮರವನ್ನು ಜೊತೆಹಲಗೆಯಾಗಿ ಇಟ್ಟು ಮೊಳೆ ಹೊಡೆಯುತ್ತಾರೆ. ಕೆಲವು ಕಡೆ, ಮುಖ್ಯವಾಗಿ ಸಂದುಗಳಲ್ಲಿ, ಪ್ಲೈವುಡ್ ಅಥವಾ ಒಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆಯ ತುಂಡು ಬಳಸುತ್ತಾರೆ. ಬಲ ತೂತಿನ ಈಚೆ ಮೊಳೆಗಳ ಮೂಲಕ ಜೊತೆಹಲಗೆಗೆ ಹತ್ತಿ, ತೂತನ್ನು ದಾಟಿ, ಆಚೆ ಮೊಳೆಗಳ ಮೂಲಕ ಮತ್ತೆ ಮೂಲ ಪಟ್ಟಿಗೆ ಇಳಿಯಬೇಕು.

ಮೊಳೆಯ ಲೆಕ್ಕದಲ್ಲೇ ಜನ ಎಡವುವುದು. ಸ್ಪ್ರೂಸ್-ಪೈನ್-ಫರ್ ಜಾತಿಯ ಮೆದು ಮರದಲ್ಲಿ 38 ಮಿ.ಮೀ. ಜೊತೆಹಲಗೆಯ ಮೂಲಕ ಹೊಡೆದ 3 ಇಂಚಿನ ದಪ್ಪ ಮೊಳೆಯೊಂದು ಸುಮಾರು 0.45 ಕಿಲೋನ್ಯೂಟನ್ ದಾಟಿಸಬಲ್ಲದು (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆ.ಜಿ. ತೂಕದಷ್ಟು ಬಲ). ಕೆಳತೊಲೆಯಲ್ಲಿ 8 ಕಿಲೋನ್ಯೂಟನ್ ಎಳೆತವಿದ್ದು, ಅಷ್ಟನ್ನೂ ಜೊತೆಹಲಗೆಗಳೇ ಸಾಗಿಸಬೇಕೆಂದರೆ ತೂತಿನ ಈಚೆ ಸುಮಾರು 18, ಆಚೆ ಸುಮಾರು 18 ಮೊಳೆ ಬೇಕು, ಎರಡು ಹಲಗೆಗಳ ನಡುವೆ ಹಂಚಿ. ಇಷ್ಟು ಮೊಳೆ ಮರವನ್ನು ಸೀಳದಂತೆ ಕೂರಬೇಕಾದರೆ ನಡುವೆ ಅಂತರ ಬೇಕು, ಅಂತರಕ್ಕೆ ಹಲಗೆಯ ಉದ್ದ ಬೇಕು. ಒಂದಡಿ ತುಂಡಿಗೆ ನಾಲ್ಕು ಮೊಳೆ ಹೊಡೆದದ್ದು ನೋಡಲು ದುರಸ್ತಿಯಂತಿದ್ದರೂ ದುರಸ್ತಿಯಲ್ಲ.

ಒಂದೇ ಬದಿಗೆ ಹಲಗೆ ಇಟ್ಟರೆ ಬಲ ಓರೆಯಾಗಿ ಹರಿದು ಪಟ್ಟಿ ತಿರುಚಿಕೊಳ್ಳುತ್ತದೆ. ಹಾಗೆ ಮಾಡಲೇಬೇಕಾದರೆ ಎಂಜಿನಿಯರ್ ಅದನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಇಲ್ಲಿ ಬೇಡವೇ ಬೇಡ, ಅದು ಪೆಡಸು, ಅಡ್ಡಬಲಕ್ಕೆ ಪಟ್ಟನೆ ಮುರಿಯುತ್ತದೆ. ನಕ್ಷೆಯಲ್ಲಿ ಮೊಳೆ ಅಂತ ಇದ್ದರೆ ಮೊಳೆ, ಸ್ಕ್ರೂ ಅಂತ ಇದ್ದರೆ ಹೇಳಿದ ಸ್ಕ್ರೂ.

ಪ್ಲೇಟಿಗೇ ಪೆಟ್ಟಾಗಿದ್ದರೆ ಅದನ್ನು ಕಿತ್ತು ಸುತ್ತಿಗೆಯಿಂದ ಹೊಸದನ್ನು ಬಡಿಯುವುದು ದಾರಿಯಲ್ಲ. ಈ ಪ್ಲೇಟುಗಳನ್ನು ಕೂರಿಸಲು ಕಾರ್ಖಾನೆಯ ಪ್ರೆಸ್ ಬೇಕು. ಇಡೀ ಸಂದನ್ನು ಹಲಗೆಯಿಂದ ಹೊದಿಸುವ ಬೇರೆ ವಿನ್ಯಾಸ ಮಾಡುತ್ತಾರೆ.

ತುದಿಗೋಡೆಯ ಮೇಲಿನ ಗೇಬಲ್ ಟ್ರಸ್‌ಗೆ ತೂತು ಬಿದ್ದಿದೆ. ಅದೂ ಇಷ್ಟೇ ಗಂಭೀರವೇ?

ಸಾಮಾನ್ಯವಾಗಿ ಇಲ್ಲ. ಉದ್ದಕ್ಕೂ ಗೋಡೆಯ ಮೇಲೆ ಕೂತಿರುವುದರಿಂದ ಅದರ ತೊಲೆಗಳಲ್ಲಿ ದೊಡ್ಡ ಬಲಗಳು ಹುಟ್ಟುವುದಿಲ್ಲ. ಆದರೆ ಅದರ ಲಂಬ ಪಟ್ಟಿಗಳು ಗಾಳಿಯನ್ನು ಎದುರಿಸುತ್ತವೆ. ಕೆಳಗೆ ಗೋಡೆ ಇಲ್ಲದೆ ನಿಂತ ಗೇಬಲ್ ಟ್ರಸ್‌ಗಳೂ ಇರುತ್ತವೆ, ಅವಕ್ಕೆ ಈ ರಿಯಾಯಿತಿ ಇಲ್ಲ.

ಎಂಜಿನಿಯರ್ ಕೊಡುವ ವರದಿಯಲ್ಲಿ ಏನಿರಬೇಕು?

"ನೋಡಿದೆ, ಪರವಾಗಿಲ್ಲ" ಅನ್ನುವ ಒಂದು ಸಾಲಿನ ಪತ್ರಕ್ಕೆ ಒಪ್ಪಬೇಡಿ. ತೂತುಗಳ ಪಟ್ಟಿ ಮತ್ತು ಜಾಗ, ಹಿಡಿದ ಭಾರಗಳು, ಪ್ರತಿ ಪೆಟ್ಟಾದ ಪಟ್ಟಿಯ ತೂತಿನ ಮೊದಲಿನ ಮತ್ತು ನಂತರದ ಲೆಕ್ಕ, ಹಾಗೇ ಬಿಡಬಹುದಾದವು ಯಾವುವು, ದುರಸ್ತಿ ಬೇಕಾದವು ಯಾವುವು, ಅವುಗಳಿಗೆ ಮರದ ಅಳತೆ, ದರ್ಜೆ, ಮೊಳೆಯ ಬಗೆ, ಸಂಖ್ಯೆ, ಅಂತರ ತೋರಿಸುವ ಸಹಿ ಮಾಡಿದ ನಕ್ಷೆ. ದುರಸ್ತಿಯಾದ ಮೇಲೆ ಫೋಟೋಗಳ ಜೊತೆ ಇದನ್ನು ಮನೆಯ ದಾಖಲೆಗಳಲ್ಲಿ ಇಡಿ.

ಇನ್ನೂ ತಂತಿ, ಪೈಪು ಹಾಕುವುದಿದೆ. ಕೊರೆಯದೆ ಹೇಗೆ?

ಟ್ರಸ್ ಅಂದರೆ ನಡುವೆಲ್ಲ ಖಾಲಿ ಇರುವ ರಚನೆ. ವೆಬ್‌ಗಳ ನಡುವಿನ ತ್ರಿಕೋನದಲ್ಲಿ ತಂತಿ, ಪೈಪು, ಎಷ್ಟೋ ಸಲ ಗಾಳಿಯ ಕೊಳವೆಯೂ ಸಲೀಸಾಗಿ ಹಾಯುತ್ತದೆ. ತಂತಿಯನ್ನು ವೆಬ್‌ನ ಬದಿಗೆ ಸ್ಟೇಪಲ್ ಮಾಡಿ, ಇಲ್ಲವೇ ಕೆಳತೊಲೆಗಳ ಮೇಲೆ ಅಡ್ಡಕ್ಕೆ ಒಂದು ಹಲಗೆ ಹಾಕಿ ಅದರ ಮೇಲೆ ಸಾಗಿಸಿ. ಸೀಲಿಂಗ್ ದೀಪಕ್ಕೆ ಕೆಳತೊಲೆಯ ಪಕ್ಕದಿಂದ ಇಳಿಸಿ, ಅದರೊಳಗಿನಿಂದ ಬೇಡ. ಹೊಗೆ ಕೊಳವೆ, ಗಾಳಿ ಕೊಳವೆ ತೊಲೆಗೆ ಅಡ್ಡ ಬಂದರೆ ಮೊಣಕೈ ತಿರುವು ಹಾಕಿ ಎರಡು ಟ್ರಸ್‌ಗಳ ನಡುವಿನ ಜಾಗಕ್ಕೆ ಸರಿಸಿ.

ನೀರಿನ ಟ್ಯಾಂಕ್, ಹವಾನಿಯಂತ್ರಣ ಯಂತ್ರದಂಥ ಭಾರವನ್ನು ಕೆಳತೊಲೆಯ ಮೇಲೆ ಇಡುವುದು ತೂತಿನಷ್ಟೇ ಗಂಭೀರ ವಿಷಯ. ಟ್ರಸ್ ಆ ಹೆಚ್ಚುವರಿ ಭಾರ ಹೊರಬಲ್ಲದು ಅಂತ ಪರಿಶೀಲಿಸದೆ ಇಡುವಂತಿಲ್ಲ ಅಂತ ಐಆರ್‌ಸಿಯ ಅದೇ ವಿಭಾಗ ಹೇಳುತ್ತದೆ. ಕೆಲಸ ಶುರುವಾಗುವ ಮುಂಚೆ ಎಲೆಕ್ಟ್ರಿಷಿಯನ್, ಪ್ಲಂಬರ್, ಗಾಳಿ ಕೊಳವೆಯವರು ಎಲ್ಲರನ್ನೂ ಅಟ್ಟಕ್ಕೆ ಕರೆದುಕೊಂಡು ಹೋಗಿ ದಾರಿ ತೋರಿಸಿ, ಕರಾರು ಪತ್ರದಲ್ಲಿ "ಟ್ರಸ್‌ನ ಯಾವ ಭಾಗವನ್ನೂ ಕೊರೆಯುವಂತಿಲ್ಲ, ಕತ್ತರಿಸುವಂತಿಲ್ಲ" ಅಂತ ಒಂದು ಸಾಲು ಬರೆಸಿ, ಸೀಲಿಂಗ್ ಮುಚ್ಚುವ ಮೊದಲು ಟಾರ್ಚ್ ಹಿಡಿದು ಪ್ರತಿ ಟ್ರಸ್ ನೋಡಿ.